ಬಂಗಾರದ ಲೆಕ್ಕ ಬೇರೆ, ಮಗಳ ಲೆಕ್ಕ ಬೇರೆ

ಬೇಸಿಗೆ ರಜೆ ಶುರುವಾಯಿತೆಂದರೆ ಕಲಬುರಗಿಯ ನನ್ನ ವಕೀಲಿ ಕಚೇರಿಗೆ, ಬೇರೆಯಾದ ಗಂಡ ಹೆಂಡತಿಯರಲ್ಲಿ ಎರಡು ಬಗೆಯ ಜನ ಬರುತ್ತಾರೆ. ಮಗುವನ್ನು ಕಳಿಸಿಕೊಡಿ ಎನ್ನುವವರು, ಕಳಿಸೋದಿಲ್ಲ ಎನ್ನುವವರು. ಈ ಸಲ ಪತ್ರಗಳೂ ಹಾಗೇ ಬಂದಿವೆ. ಬಿಸಿಲಿಗೆ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತಿವೆ. ಮನೆ ಜಗಳಕ್ಕೆ ಆ ಟೈಮ್ ಟೇಬಲ್ ಇಲ್ಲ ನೋಡಿ. ಯಾರ ಗುರುತೂ ಸಿಗದಂತೆ ಪತ್ರಗಳನ್ನು ಚಿಕ್ಕದು ಮಾಡಿ ಕೊಟ್ಟಿದ್ದೇನೆ.

ಪ್ರಶ್ನೆ: ಮದುವೆಯಾಗಿ ಒಂಬತ್ತು ವರ್ಷ. 14 ತಿಂಗಳಿಂದ ತವರಿನಲ್ಲಿದ್ದೇನೆ. ಮಗಳಿಗೆ ಏಳು ವರ್ಷ, ಇಲ್ಲೇ ಎರಡನೇ ಕ್ಲಾಸು. ಗಂಡನಿಗೆ ಹೈದರಾಬಾದಿನಲ್ಲಿ ಕೆಲಸ. ಹೋದ ಭಾನುವಾರ ಹಿರಿಯರು ಕೂಡಿದ್ದರು. "ಮಗಳ ಖರ್ಚು ಕೇಳೋದಿಲ್ಲ ಅಂತ ಬಾಂಡ್ ಮೇಲೆ ಬರೆದುಕೊಡು, ನಿನ್ನ 12 ತೊಲ ಬಂಗಾರ ವಾಪಸ್ ಕೊಡ್ತೀವಿ. ಇಲ್ಲಾಂದ್ರೆ ಮಗಳು ಬೇಕು ಅಂತ ಹೈದರಾಬಾದ್ ಕೋರ್ಟಿನಲ್ಲಿ ಕೇಸ್ ಹಾಕ್ತೀವಿ" ಎಂದರು. ಇಬ್ಬರ ಹೆಸರಲ್ಲಿ ಒಂದು ಮನೆ ಇದೆ, ಅದರ ಮೇಲೆ ಬ್ಯಾಂಕ್ ಸಾಲವೂ ಇದೆ. ಸಹಿ ಹಾಕಿ ಮುಗಿಸು ಅಂತಾರೆ ಅಪ್ಪ. ಏನು ಮಾಡಲಿ?
— ಹೆಸರು ಬೇಡ, ಕಲಬುರಗಿ

ಉತ್ತರ: ಸಹಿ ಹಾಕಬೇಡಿ. ಮೊದಲು ಅಷ್ಟು ಹೇಳಿಬಿಡುತ್ತೇನೆ, ಉಳಿದದ್ದು ನಿಧಾನಕ್ಕೆ.

ಹಿರಿಯರು ಕೂತು ಮಾತಾಡಿದ್ದು ತಪ್ಪಲ್ಲ. ನಮ್ಮ ಕಡೆ ಎಷ್ಟೋ ಜಗಳ ಜಮಖಾನೆ ಮೇಲೆ ಕೂತೇ ಮುಗಿದಿವೆ. ಆದರೆ ಆ ಜಮಖಾನೆಗೆ ಒಂದು ಕೆಟ್ಟ ಚಾಳಿ ಇದೆ. ಎಲ್ಲ ಲೆಕ್ಕವನ್ನೂ ಒಂದೇ ಚೀಟಿಗೆ ಬರೆದು, ಇದನ್ನು ಬಿಟ್ಟರೆ ಅದನ್ನು ಕೊಡ್ತೀವಿ ಎಂದು ಚೌಕಾಸಿಗೆ ಇಳಿಯುತ್ತಾರೆ. ಚಹಾ ಬರುವಷ್ಟರಲ್ಲಿ ತಕ್ಕಡಿಯ ಒಂದು ಕಡೆ ಮಗಳು, ಇನ್ನೊಂದು ಕಡೆ ಪಾಟ್ಲಿ ಬಳೆ. ನಿಮ್ಮ ಪತ್ರದಲ್ಲಿರುವುದು ಮೂರು ಬೇರೆ ಬೇರೆ ಖಾತೆ. ಬಂಗಾರದ್ದೊಂದು, ಮಗಳದ್ದೊಂದು, ಮನೆಯದ್ದೊಂದು. ಒಂದರ ಸಾಲವನ್ನು ಇನ್ನೊಂದರಲ್ಲಿ ತೀರಿಸಲು ಬರುವುದಿಲ್ಲ.

ಬಂಗಾರದಿಂದ ಶುರು ಮಾಡೋಣ. ತವರಿನವರು ನಿಮಗೆ ಹಾಕಿದ್ದು, ಮದುವೆಯಲ್ಲಿ ಅತ್ತೆ ಮನೆಯವರು ನಿಮಗೆಂದೇ ಕೊಟ್ಟದ್ದು, ಎಲ್ಲ ಸ್ತ್ರೀಧನ. ಅದು ನಿಮ್ಮದು. ಗಂಡನ ಮನೆಯ ತಿಜೋರಿಯಲ್ಲಿದ್ದರೂ ನಿಮ್ಮದೇ. ಅವರು ಬರೀ ಕಾಯಲು ಇಟ್ಟುಕೊಂಡವರು. ಕೇಳಿದಾಗ ಕೊಡದಿದ್ದರೆ ನಂಬಿಕೆದ್ರೋಹದ ಕೇಸೂ ಆಗುತ್ತದೆ ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ನಿಮ್ಮ ವಸ್ತುವನ್ನೇ ನಿಮಗೆ "ವಾಪಸ್ ಕೊಡ್ತೀವಿ" ಎಂದು ಬೆಲೆ ಕಟ್ಟುತ್ತಿದ್ದಾರಲ್ಲ, ಅಲ್ಲೇ ಮೋಸ ಇರುವುದು.

ಕೋರ್ಟಿನಲ್ಲಿ ಬಾಯಿಮಾತಿಗಿಂತ ಕಾಗದಕ್ಕೆ ಬೆಲೆ ಜಾಸ್ತಿ. ನಿಶ್ಚಯದ ದಿನ ಬರೆದ ಯಾದಿ ಇದೆಯಾ ಹುಡುಕಿ. ನಮ್ಮ ಕಡೆ ಎರಡೂ ಮನೆಯ ಹಿರಿಯರು ಸಹಿ ಹಾಕಿದ ಆ ಉದ್ದನೆ ಹಾಳೆ ಯಾರದ್ದಾದರೂ ಟ್ರಂಕಿನ ತಳದಲ್ಲಿ ಮಡಚಿ ಬಿದ್ದಿರುತ್ತದೆ. ಹೋದ ವರ್ಷ ಒಬ್ಬರ ಯಾದಿ ಅವರ ಅಜ್ಜಿಯ ರೇಶ್ಮೆ ಸೀರೆಯ ಮಡಿಕೆಯಲ್ಲಿ ಸಿಕ್ಕಿತು. ಅಂಚಿಗೆ ಅರಿಶಿನದ ಬೆರಳಿನ ಗುರುತು ಬೇರೆ. "ಬೋರಮಾಳ 3 ತೊಲ" ಎಂದು ಬರೆದ ಕೈ ವರನ ಸೋದರಮಾವನದು. ಆ ಕಡೆಯ ವಕೀಲರು ಆಮೇಲೆ ಬಂಗಾರದ ಮಾತೇ ಎತ್ತಲಿಲ್ಲ. ಯಾದಿ ಇಲ್ಲದಿದ್ದರೆ ಅಂಗಡಿಯ ರಸೀದಿ, ಅದೂ ಇಲ್ಲದಿದ್ದರೆ ಮದುವೆ ಆಲ್ಬಮ್, ವಿಡಿಯೋ. ಆಲ್ಬಮ್ ಮುಂದಿಟ್ಟುಕೊಂಡು ಒಂದೊಂದು ಒಡವೆಯನ್ನೂ ಬರೆಯಿರಿ. ಯಾದಿಯಲ್ಲಿ ವರದಕ್ಷಿಣೆಯ ಮೊತ್ತವೂ ಇದ್ದರೆ ಹೆದರಿ ಹರಿಯಬೇಡಿ. ತೊಂದರೆಗೆ ಒಳಗಾದವರು ಕೊಟ್ಟ ಹೇಳಿಕೆಯ ಮೇಲೆ ಅವರ ಮೇಲೇ ಕೇಸ್ ಹಾಕಲು ಬರುವುದಿಲ್ಲ ಎಂದು 1961ರ ವರದಕ್ಷಿಣೆ ನಿಷೇಧ ಕಾಯ್ದೆಯಲ್ಲೇ ಇದೆ. ವಕೀಲರಿಗೆ ಮಾತ್ರ ಮೊದಲು ತೋರಿಸಿ.

ಇನ್ನು ಮಗಳ ಖರ್ಚು. ಅದು ಮಗಳ ಹಕ್ಕು. ನಿಮ್ಮದಲ್ಲದ್ದನ್ನು ನೀವು ಬಿಟ್ಟುಕೊಡುವುದು ಹೇಗೆ? ನೀವು ಬಾಂಡ್ ಮೇಲೆ ಬರೆದುಕೊಟ್ಟರೂ ಅದು ಅವಳ ಹಕ್ಕನ್ನು ಕಟ್ಟಿಹಾಕುವುದಿಲ್ಲ, ನಾಳೆ ಕೋರ್ಟಿನಲ್ಲಿ ಕೇಳಬಹುದು. ಆದರೆ ನಾಳೆ ಆ ಬಾಂಡನ್ನೇ ಹಿಡಿದು ಎರಡು ವರ್ಷ ಎಳೆದಾಡುತ್ತಾರೆ. ಆ ತಲೆನೋವು ಯಾಕೆ? ಜೀವನಾಂಶಕ್ಕೆ ಹಿಂದೆ 125ನೇ ಕಲಂ ಎನ್ನುತ್ತಿದ್ದೆವು. 2024ರ ಜುಲೈ 1ರಿಂದ ಅದು ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ. ಅರ್ಜಿ ಹಾಕಿದರೆ ಇಬ್ಬರೂ ಆಸ್ತಿ, ಆದಾಯ, ಸಾಲದ ಅಫಿಡವಿಟ್ ಕೊಡಬೇಕು. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಿಗಬೇಕು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಹಿರಿಯರ ಮುಂದಿನ ಸಭೆಗೆ ಕಾಯುತ್ತ ಕೂರುವುದು ನಿಮಗೇ ನಷ್ಟ.

ಹೈದರಾಬಾದ್ ಬೆದರಿಕೆ ಪೊಳ್ಳು. ಮಗುವಿನ ಸುಪರ್ದಿಗೆ ಅರ್ಜಿ ಹಾಕಬೇಕಾದದ್ದು ಮಗು ಸಾಮಾನ್ಯವಾಗಿ ವಾಸ ಇರುವ ಊರಿನಲ್ಲಿ. 1890ರ ಪೋಷಕರ ಕಾಯ್ದೆಯ 9ನೇ ಕಲಂ ಅದನ್ನೇ ಹೇಳುತ್ತದೆ. ನಿಮ್ಮ ಮಗಳ ಶಾಲೆ ಇಲ್ಲಿ, ಸ್ನೇಹಿತೆಯರು ಇಲ್ಲಿ. ಅವರೇ ಕಲಬುರಗಿಯ ಕೌಟುಂಬಿಕ ನ್ಯಾಯಾಲಯಕ್ಕೆ ಬರಬೇಕು. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಎಂಬ ಮಾತು ಕೇಳಿರುತ್ತೀರಿ. ನಿಮ್ಮ ಮಗಳಿಗೆ ಏಳು ಎಂದ ತಕ್ಷಣ ತಂದೆಗೆ ಹೋಗುತ್ತಾಳೆ ಎಂದೇನಿಲ್ಲ. ಆಮೇಲೆ ನೋಡುವುದು ಒಂದೇ, ಮಗುವಿನ ಒಳಿತು.

ಇನ್ನು ನಿಮಗೆ ಹಿಡಿಸದ ಮಾತು. ಅವಳಿಗೆ ಅಪ್ಪ ಬೇಕು. ಖರ್ಚು ಕೊಡಲಿಲ್ಲ ಎಂದು ಭೇಟಿ ನಿಲ್ಲಿಸಬೇಡಿ. ಹಾಗೆ ಮಾಡಿದರೆ ನೀವೂ ಅದೇ ತಕ್ಕಡಿ ಹಿಡಿದಂತೆ. ತಿಂಗಳಿಗೆ ಎಷ್ಟು ದಿನ, ಎಲ್ಲಿ, ಎಷ್ಟು ಹೊತ್ತಿಗೆ, ಯಾರು ಕರೆತರಬೇಕು, ಯಾರು ಬಿಡಬೇಕು, ಎಲ್ಲವನ್ನೂ ನೀವೇ ಬರೆದು ಕಳಿಸಿ.

ನನ್ನದೇ ಒಂದು ತಪ್ಪು ಹೇಳುತ್ತೇನೆ. ನಾನೂ ನನ್ನ ಗಂಡನೂ ಬೇರೆಯಾದಾಗ ಮಗಳಿಗೆ ಎಂಟು ವರ್ಷ. ಊರವರಿಗೆಲ್ಲ ಕರಾರು ಬರೆದುಕೊಡುವ ವಕೀಲೆ ನಾನು. ನನ್ನದೇ ಕರಾರಿನಲ್ಲಿ "ಬೇಸಿಗೆ ರಜೆಯ ಅರ್ಧ ತಂದೆಯ ಹತ್ತಿರ" ಎಂದು ಬರೆದು ಸಹಿ ಹಾಕಿದೆ. ಯಾವ ಅರ್ಧ? ಬರೆದಿರಲಿಲ್ಲ. ಮೇ ತಿಂಗಳ ಮೊದಲ ದಿನ ಅವರು ಬಸ್ ಸ್ಟ್ಯಾಂಡಿಗೆ ಬಂದರು. ಮೊದಲರ್ಧ ನಿಮ್ಮದಿತ್ತು, ನೀವೇ ಬರಲಿಲ್ಲ ಎಂದೆ. ಎರಡನೆಯದು ನನ್ನದು ಎಂದರು ಅವರು. ಮಗಳು ಕಲ್ಲು ಬೆಂಚಿನ ಮೇಲೆ ಕೂತಿದ್ದಳು. ಬ್ಯಾಗಿನ ಝಿಪ್ ಕೆಟ್ಟಿತ್ತು, ಪಿನ್ ಹಾಕಿದ್ದೆ. ನಾವು ವಾದ ಮಾಡಿದಷ್ಟು ಹೊತ್ತೂ ಅವಳು ಆ ಪಿನ್ ತೆಗೆಯುತ್ತಿದ್ದಳು, ಹಾಕುತ್ತಿದ್ದಳು. ಎರಡು ಬಸ್ ಹೋದವು. ಮೂರನೆಯದಕ್ಕೆ ಹತ್ತಿಸಿದೆವು. ನನಗೆ ಟಾಟಾ ಮಾಡಲಿಲ್ಲ.

ಅದಕ್ಕೇ ಹೇಳುವುದು, "ಅನುಕೂಲ ನೋಡಿಕೊಂಡು" ಎಂಬ ಪದ ಕರಾರಿನಲ್ಲಿ ಎಲ್ಲೂ ಬರಬಾರದು. ಎರಡನೇ ಮತ್ತು ನಾಲ್ಕನೇ ಶನಿವಾರ, ಬೆಳಿಗ್ಗೆ 10ರಿಂದ ಭಾನುವಾರ ಸಂಜೆ 5 ಎಂದು ಬರೆಯಿರಿ. ಹೈದರಾಬಾದಿನಿಂದ ರೈಲು ತಾಂಡೂರು, ಸೇಡಂ ದಾಟಿ ಬರುವಾಗ ತಡವಾದರೆ ಎಷ್ಟು ಹೊತ್ತು ಕಾಯಬೇಕು ಎನ್ನುವುದನ್ನೂ ಬರೆಯಿರಿ. ಎಳ್ಳ ಅಮಾವಾಸ್ಯೆಗೆ ಈ ವರ್ಷ ಯಾರ ಹೊಲ? ಅಪ್ಪನ ಕಡೆಯ ಹೊಲದಲ್ಲಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ ಭಜ್ಜಿ ತಿನ್ನುವ ದಿನ ಅವಳಿಗೂ ಬೇಕಲ್ವಾ? ಪಂಚಮಿಯ ಜೋಕಾಲಿ ನಿಮ್ಮ ಕಡೆ ಇರಲಿ. ಶರಣಬಸವೇಶ್ವರ ಜಾತ್ರೆ ಒಂದು ವರ್ಷ ಅವರಿಗೆ, ಒಂದು ವರ್ಷ ನಿಮಗೆ. ನಡುವಿನ ದಿನಗಳಿಗೆ ವಿಡಿಯೋ ಕಾಲ್, ಆ ಹೊತ್ತಿನಲ್ಲಿ ನೀವು ಪಕ್ಕದಲ್ಲಿ ಕೂತು ಕಿವಿ ಕೊಡಬಾರದು. ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಇಬ್ಬರ ನಂಬರೂ ಇರಲಿ.

ಮನೆಯ ವಿಷಯ ಚಿಕ್ಕದು. ಮದುವೆಯಾದ ಮೇಲೆ ಗಳಿಸಿದ್ದೆಲ್ಲ ಅರ್ಧರ್ಧ ಎಂಬ ಕಾನೂನು ನಮ್ಮ ದೇಶದಲ್ಲಿಲ್ಲ. ಕಾಗದ ಯಾರ ಹೆಸರಲ್ಲಿದೆ, ದುಡ್ಡು ಯಾರು ಹಾಕಿದರು, ಅದರ ಮೇಲೆ ಹೋಗುತ್ತದೆ. ಖರೀದಿ ಪತ್ರದಲ್ಲಿ ನಿಮ್ಮ ಹೆಸರೂ ಇದೆ, ನಿಮ್ಮ ಪಾಲೂ ಇದೆ. ಆದರೆ ಸಾಲದಲ್ಲೂ ನಿಮ್ಮ ಸಹಿ ಇದೆ. ನಿಮ್ಮ ವಿಚ್ಛೇದನದಲ್ಲಿ ಬ್ಯಾಂಕ್ ಪಾರ್ಟಿಯಲ್ಲ, ಕಂತು ತಪ್ಪಿದರೆ ನಿಮಗೂ ಫೋನ್ ಬರುತ್ತದೆ. ಒಬ್ಬರು ಮನೆ ಇಟ್ಟುಕೊಂಡು ಇನ್ನೊಬ್ಬರಿಗೆ ದುಡ್ಡು ಕೊಡುವುದಾದರೆ, ಹಕ್ಕು ಬಿಡುಗಡೆ ಪತ್ರ ನೋಂದಣಿ ಆಗಬೇಕು, ಸಾಲದಿಂದ ಹೆಸರು ತೆಗೆಸಿದ ಪತ್ರ ಬ್ಯಾಂಕಿನಿಂದ ಕೈಗೆ ಬರಬೇಕು. ಎರಡೂ ಒಂದೇ ವಾರದಲ್ಲಿ. ನೋಟರಿ ಬಾಂಡಿನಿಂದ ಒಂದು ಇಟ್ಟಿಗೆಯೂ ಅಲ್ಲಾಡುವುದಿಲ್ಲ.

ವಕೀಲರ ಫೀಸಿನ ಚಿಂತೆ ಇದ್ದರೆ, ಹೆಂಗಸರಿಗೆ ಮತ್ತು ಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಅಪ್ಪನನ್ನೂ ಜೊತೆಗೆ ಕರೆದೊಯ್ಯಿರಿ. ಅವರಿಗೆ ಅವಸರ ಇರುವುದು ಮರ್ಯಾದೆಯ ಭಯಕ್ಕೆ. ಕಾನೂನು ತಿಳಿದರೆ ಅರ್ಧ ಭಯ ಹೋಗುತ್ತದೆ.

ಪ್ರಶ್ನೆ: ನಾನು ಪುಣೆಯಲ್ಲಿ ಕೆಲಸ ಮಾಡುತ್ತೇನೆ. ಹೆಂಡತಿ ನಾಲ್ಕು ವರ್ಷದ ಮಗನೊಂದಿಗೆ ತವರಿನಲ್ಲಿದ್ದಾಳೆ. ಪ್ರತಿ ತಿಂಗಳು 9,000 ರೂಪಾಯಿ ಕಳಿಸುತ್ತೇನೆ. ಎರಡು ಸಲ ಹುಮನಾಬಾದ್‌ವರೆಗೆ ಬಂದೆ, ಬಾಗಿಲು ತೆಗೆಯಲಿಲ್ಲ. ದುಡ್ಡು ನಿಲ್ಲಿಸಿದರೆ ದಾರಿಗೆ ಬರ್ತಾರೆ ಎಂದು ಗೆಳೆಯರು ಹೇಳುತ್ತಾರೆ.
— ಬೀದರ್ ಜಿಲ್ಲೆಯವನು

ಉತ್ತರ: ಗೆಳೆಯರು ಕೋರ್ಟಿಗೆ ಬರುವುದಿಲ್ಲ, ನೀವು ಬರುತ್ತೀರಿ. ದುಡ್ಡು ನಿಲ್ಲಿಸಿದ ದಿನದಿಂದ ಕಥೆ ಉಲ್ಟಾ ಆಗುತ್ತದೆ. ಇವತ್ತು ನೀವು ಮಗನನ್ನು ನೋಡಲು ಬಂದು ಬಾಗಿಲ ಹೊರಗೆ ನಿಂತ ಅಪ್ಪ. ಆವತ್ತು ಮಗನಿಗೆ ಹಾಲಿನ ದುಡ್ಡು ಕೊಡದ ಅಪ್ಪ. ಕೈಯಲ್ಲಿ ಕೊಡದೆ ಖಾತೆಗೇ ಹಾಕಿ. ಯುಪಿಐಯಲ್ಲಿ ಬರೆಯಲು ಜಾಗ ಇರುತ್ತದಲ್ಲ, ಅಲ್ಲಿ "ಮಗನ ಖರ್ಚು, ಜೂನ್" ಎಂದು ಹಾಕಿ.

ಬಾಗಿಲು ತೆಗೆಯದಿದ್ದಕ್ಕೆ ಔಷಧ ಬೇರೆ ಇದೆ. ಮಗ ಇರುವ ಕಡೆಯ ಕೋರ್ಟಿನಲ್ಲಿ ಅರ್ಜಿ ಹಾಕಿ, ಅದರ ಜೊತೆಗೇ ಮಧ್ಯಂತರ ಭೇಟಿಗೆ ಇನ್ನೊಂದು ಅರ್ಜಿ. ನಾಲ್ಕು ವರ್ಷದ ಹುಡುಗ, ಎಷ್ಟೋ ತಿಂಗಳಿಂದ ನಿಮ್ಮನ್ನು ನೋಡಿಲ್ಲ. ಮೊದಲ ದಿನವೇ ಪುಣೆಗೆ ಕರೆದೊಯ್ಯುತ್ತೇನೆ ಎನ್ನಬೇಡಿ, ಜಡ್ಜ್ ಒಪ್ಪುವುದಿಲ್ಲ, ಮಗನೂ ಅಳುತ್ತಾನೆ. ಎರಡು ಗಂಟೆ ಕೇಳಿ, ತಾಯಿ ಹತ್ತಿರದಲ್ಲೇ ಇರಲಿ ಎನ್ನಿ. ಮೂರ್ನಾಲ್ಕು ಭೇಟಿ ಸರಿಯಾಗಿ ನಡೆದರೆ ಹೊತ್ತು ಜಾಸ್ತಿ ಮಾಡಿಸಬಹುದು. ಮಗುವಿಗೆ ತಂದೆ ತಾಯಿ ಇಬ್ಬರ ಪ್ರೀತಿಯೂ ಸಿಗಬೇಕು, ದೂರ ಇರುವವರಿಗೆ ವಿಡಿಯೋ ಕಾಲ್ ಆದರೂ ಮಾಡಿಕೊಡಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ನಿಮ್ಮ ವಕೀಲರಿಗೆ ಅದು ಗೊತ್ತಿರುತ್ತದೆ. ಅಂಗನವಾಡಿಯಿಂದ ಎತ್ತಿಕೊಂಡು ಹೋಗುವ ಯೋಚನೆ ತಲೆಗೆ ಬಂದಿದ್ದರೆ ಇಲ್ಲೇ ಬಿಟ್ಟುಬಿಡಿ. ಅಂಥ ಒಂದು ಕೇಸಿನಲ್ಲಿ ಆ ಅಪ್ಪನಿಗೆ ಮತ್ತೆ ಭೇಟಿ ಕೊಡಿಸಲು ನನಗೆ ಒಂದೂವರೆ ವರ್ಷ ಹಿಡಿಯಿತು.

ಪ್ರಶ್ನೆ: ಮಗಳಿಗೂ ಅಳಿಯನಿಗೂ ನಾಲ್ಕು ವರ್ಷದ ಹಿಂದೆ ಪಂಚರ ಮುಂದೆ ಸೋಡಚೀಟಿ, ಅಂದರೆ ಬಿಡುಗಡೆ ಪತ್ರ, ಆಯಿತು. ಬಾಂಡ್ ಪೇಪರ್, ಐದು ಜನರ ಸಾಕ್ಷಿ. ಮೊಮ್ಮಗಳು 12 ತುಂಬಿದ ಮೇಲೆ ತಂದೆಯ ಮನೆಗೆ ಹೋಗಬೇಕು ಎಂದೂ ಬರೆದಿದ್ದಾರೆ. ಈಗ ಮಗಳಿಗೆ ಒಳ್ಳೆ ಸಂಬಂಧ ಬಂದಿದೆ. ಮದುವೆ ಮಾಡಬಹುದಾ? ಅಳಿಯನ ಕಡೆ ಎಂಟು ಎಕರೆ ಹೊಲ ಇದೆ, ಮೊಮ್ಮಗಳಿಗೆ ಏನಾದರೂ ಬರುತ್ತದಾ?
— ಶಹಾಪುರ ತಾಲ್ಲೂಕಿನ ರೈತ

ಉತ್ತರ: ಈಗಲೇ ಮದುವೆ ಮಾಡಬೇಡಿ, ಯಜಮಾನರೇ. ಸೋಡಚೀಟಿಯಿಂದ ವಿಚ್ಛೇದನ ಆಗುವುದಿಲ್ಲ. ನಿಮ್ಮ ಸಮುದಾಯದಲ್ಲಿ ಅಂಥ ಪದ್ಧತಿ ತಲತಲಾಂತರದಿಂದ ಇದೆ ಎಂದು ಕೋರ್ಟಿನಲ್ಲಿ ಸಾಬೀತು ಮಾಡಿದರೆ ಮಾತ್ರ ಒಪ್ಪುತ್ತಾರೆ, ಅದು ಕಷ್ಟದ ಕೆಲಸ. ಇಲ್ಲವಾದರೆ ಎರಡನೇ ಮದುವೆ ಅಪರಾಧ, ಹೊಸ ಸಂಸಾರಕ್ಕೂ ಕುತ್ತು. ದಾರಿ ಸುಲಭವೇ ಇದೆ. ಇಬ್ಬರೂ ಬೇರೆ ಇದ್ದು ನಾಲ್ಕು ವರ್ಷ ಆಗಿದೆ, ಅಳಿಯನೂ ಒಪ್ಪಿದರೆ ಪರಸ್ಪರ ಒಪ್ಪಿಗೆಯ ಅರ್ಜಿ ಹಾಕಿ. ಮಗಳು ತಾನಿರುವ ಕಡೆಯ ಕೋರ್ಟಿನಲ್ಲೇ ಹಾಕಬಹುದು. ಆರು ತಿಂಗಳು ಕಾಯಬೇಕು ಎಂಬ ನಿಯಮ ಇದೆ. ಆದರೆ ಎಲ್ಲ ಇತ್ಯರ್ಥ ಆಗಿದ್ದರೆ ಕೋರ್ಟ್ ಅದನ್ನು ಬಿಟ್ಟುಕೊಡಬಹುದು, 2017ರಿಂದ ಹಾಗೆ ನಡೆದಿದೆ. ಬಂದ ಸಂಬಂಧದವರಿಗೆ ನಿಜ ಹೇಳಿ, ಸ್ವಲ್ಪ ತಡೆಯಿರಿ ಎನ್ನಿ. ತಡೆಯದವರಾದರೆ ಅದೂ ಈಗಲೇ ಗೊತ್ತಾಗಲಿ.

ಮೊಮ್ಮಗಳನ್ನು 12ಕ್ಕೆ ಕಳಿಸಬೇಕೆಂದು ಐದು ಜನ ಗಂಡಸರು ಬರೆದರಲ್ಲ, ಅವಳನ್ನು ಒಂದು ಮಾತು ಕೇಳಿದರಾ? ಆ ಷರತ್ತಿಗೆ ಕೋರ್ಟ್ ಕಟ್ಟುಬೀಳುವುದಿಲ್ಲ. ತೊಗರಿ ರಾಶಿ ಆದ ಮೇಲೆ ಪಾಲು ಹಾಕಿದ ಹಾಗೆ ಮಗುವಿಗೆ ಗಡುವು ಇಡಲು ಬರುವುದಿಲ್ಲ.

ಹೊಲದ ಮಾತಿಗೆ ಬಂದರೆ, ಅದು ಅಳಿಯನ ಸ್ವಂತ ಖರೀದಿಯಾ, ಪಿತ್ರಾರ್ಜಿತವಾ? ಪಿತ್ರಾರ್ಜಿತ ಆಗಿದ್ದರೆ ಮಗಳಿಗೂ ಮಗನಂತೆ ಹುಟ್ಟಿನಿಂದಲೇ ಹಕ್ಕು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಅದನ್ನು ಕೊಟ್ಟಿತು, 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಗೊಂದಲ ಬಗೆಹರಿಸಿತು. ಹೆಂಡತಿಯ ಸಂಬಂಧ ಕಡಿದರೂ ಮಗಳ ಸಂಬಂಧ ಕಡಿಯುವುದಿಲ್ಲ, ಅವಳು ನಿಮ್ಮ ಮನೆಯಲ್ಲಿದ್ದರೂ ಆ ಹಕ್ಕು ಹಾಗೇ ಇರುತ್ತದೆ. ಸ್ವಂತ ಗಳಿಕೆ ಆಗಿದ್ದರೆ ಅವನು ಬದುಕಿರುವವರೆಗೆ ಕೇಳಲು ಬರುವುದಿಲ್ಲ. ಪಹಣಿ, ಹಳೆಯ ವಾಟ್ನಿ (ಪಾಲು) ಪತ್ರ, ಮುಟೇಶನ್ ನಕಲು ತೆಗೆಸಿ ನೋಡಿ. ಆದರೆ ಅದನ್ನು ವಿಚ್ಛೇದನದ ಅರ್ಜಿಯಲ್ಲಿ ತುರುಕಬೇಡಿ. "ಮಗಳ ಪಾಲು ಬಿಟ್ಟರೆ ಸಹಿ ಹಾಕ್ತೀನಿ" ಎಂದು ಅಳಿಯ ಅಂದಾನು. ಆಗಲೂ ಅದೇ ಮಾತು, ಅದು ನಿಮ್ಮ ಮಗಳು ಬಿಡುವಂಥದ್ದಲ್ಲ. ಚಿಕ್ಕ ಮಗುವಿನ ಸ್ವಂತ ಹೆಸರಿನಲ್ಲಿರುವ ಹೊಲ ಮನೆಯನ್ನಂತೂ ಕೋರ್ಟಿನ ಅನುಮತಿ ಇಲ್ಲದೆ ತಾಯಿ ತಂದೆ ಕೂಡ ಮಾರಲು ಬರುವುದಿಲ್ಲ.

ಪ್ರಶ್ನೆ: ಗಂಡ ದುಬೈನಿಂದ ಫೋನಿನಲ್ಲಿ ಮೂರು ಸಲ ತಲಾಖ್ ಹೇಳಿ ಇಟ್ಟುಬಿಟ್ಟ. ಮಗನಿಗೆ ಐದು, ಮಗಳಿಗೆ ಒಂಬತ್ತು. ಮಕ್ಕಳನ್ನು ಬಿಟ್ಟು ಹೋದರೆ ಮಾತ್ರ ಮೆಹರ್ ಕೊಡುತ್ತೇವೆ ಎನ್ನುತ್ತಾರೆ ಅತ್ತೆ.
— ಹೆಸರು ಬೇಡ, ಕಲಬುರಗಿ

ಉತ್ತರ: ನೋಡಿ, ಇಲ್ಲೂ ಅದೇ ತಕ್ಕಡಿ. ಮೆಹರ್ ನಿಮ್ಮದು, ನಿಕಾಹನಾಮಾದಲ್ಲಿ ಬರೆದದ್ದು. ಅದಕ್ಕೂ ಮಕ್ಕಳಿಗೂ ಏನು ಸಂಬಂಧ? ಒಂದೇ ಉಸಿರಿನ ಮೂರು ತಲಾಖ್ 2019ರ ಕಾಯ್ದೆಯಂತೆ ನಡೆಯುವುದಿಲ್ಲ, ಹೇಳಿದವನಿಗೆ ಮೂರು ವರ್ಷದವರೆಗೆ ಜೈಲು ಆಗಬಹುದು. ಅಂದರೆ ನೀವು ಇವತ್ತೂ ಅವನ ಹೆಂಡತಿಯೇ. ಅದೇ ಕಾಯ್ದೆ ನಿಮಗೂ ಮಕ್ಕಳಿಗೂ ಖರ್ಚು ಕೇಳುವ ಹಕ್ಕು ಕೊಡುತ್ತದೆ, ಮಕ್ಕಳ ಸುಪರ್ದಿಯನ್ನೂ ನಿಮಗೇ ಕೊಡುತ್ತದೆ. ಮುಂದೆ ಸರಿಯಾದ ರೀತಿಯಲ್ಲೇ ತಲಾಖ್ ಆದರೂ ಜೀವನಾಂಶದ ಬಾಗಿಲು ಮುಚ್ಚುವುದಿಲ್ಲ. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತೆ ಹೇಳಿದೆ. ನಿಕಾಹನಾಮಾದ ನಕಲು, ಆ ದಿನದ ಕಾಲ್ ವಿವರ ಜೋಪಾನ ಮಾಡಿ. ಮನೆಯಿಂದ ಹೊರಗೆ ಹಾಕುವ ಬೆದರಿಕೆ ಇದ್ದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಅದೇ ಮನೆಯಲ್ಲಿ ಇರುವ ಆದೇಶ ಕೇಳಬಹುದು. ರಾತ್ರೋರಾತ್ರಿ ತೊಂದರೆ ಆದರೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ.

ಪ್ರಶ್ನೆ: ಆಂಟಿ, ನಾನು ಎಂಟನೇ ಕ್ಲಾಸು. ಅಪ್ಪ ಅಮ್ಮ ಬೇರೆ ಆಗಿದ್ದಾರೆ. ಮುಂದಿನ ತಾರೀಖಿಗೆ ಜಡ್ಜ್ ನನ್ನನ್ನು ಕರೆದಿದ್ದಾರೆ. ಯಾರು ಬೇಕು ಅಂತ ಎಲ್ಲರ ಮುಂದೆ ಕೇಳ್ತಾರಾ? ಇನ್ನೊಂದು. ನನ್ನ ಸೈಕಲ್ ಅಪ್ಪನ ಮನೆಯಲ್ಲೇ ಇದೆ. ಕೇಳಿದರೆ ಅಮ್ಮನಿಗೆ ಬೇಜಾರಾಗುತ್ತೆ.
— ಒಬ್ಬ ಹುಡುಗ, ಕಲಬುರಗಿ

ಉತ್ತರ: ಎಲ್ಲರ ಮುಂದೆ ಕೇಳೋದಿಲ್ಲ, ಮಗಾ. ಸಾಮಾನ್ಯವಾಗಿ ಜಡ್ಜ್ ತಮ್ಮ ಕೋಣೆಗೆ ಕರೆದು ನಿನ್ನೊಬ್ಬನ ಜೊತೆ ಮಾತಾಡುತ್ತಾರೆ. ಮೊದಲು ಶಾಲೆ, ಆಟ, ಊಟ ಎಂದು ಕೇಳುತ್ತಾರೆ. ನಿನ್ನ ವಯಸ್ಸಿನವರ ಮಾತಿಗೆ ಕೋರ್ಟ್ ಬೆಲೆ ಕೊಡುತ್ತದೆ. ಆದರೆ ತೀರ್ಮಾನ ಮಾಡುವ ಭಾರ ನಿನ್ನದಲ್ಲ, ಜಡ್ಜ್ ಅವರದು. ಯಾರಾದರೂ "ಹೀಗೇ ಹೇಳು" ಎಂದು ಹೇಳಿಕೊಟ್ಟಿದ್ದರೆ ಅದನ್ನೂ ಅವರಿಗೆ ಹೇಳಬಹುದು. ಒಬ್ಬರನ್ನು ಆರಿಸಲು ಇಷ್ಟ ಇಲ್ಲದಿದ್ದರೆ "ನನಗೆ ಆರಿಸೋಕೆ ಇಷ್ಟ ಇಲ್ಲ" ಎನ್ನು. ಅದೂ ಒಂದು ಉತ್ತರವೇ. ಆ ದಿನದ ಮೊದಲು ತುಂಬ ಹೆದರಿಕೆ ಆದರೆ 1098ಕ್ಕೆ ಫೋನ್ ಮಾಡು, ಮಕ್ಕಳ ಮಾತು ಕೇಳಲೆಂದೇ ಅಲ್ಲಿ ಜನ ಇದ್ದಾರೆ.

ಸೈಕಲ್ ನಿನ್ನದು. ಅದಕ್ಕೆ ಯಾರ ಅಫಿಡವಿಟ್ಟೂ ಬೇಡ. ಅಮ್ಮನಿಗೆ ಈ ಪತ್ರ ತೋರಿಸು, ಆಮೇಲೆ ಅಪ್ಪನಿಗೆ ನೀನೇ ಫೋನ್ ಮಾಡಿ ಶನಿವಾರ ಬರುವಾಗ ತರಲು ಹೇಳು. ಇಷ್ಟು ದಿನ ನಿಂತ ಸೈಕಲ್, ಟೈರ್ ಇಳಿದಿರುತ್ತದೆ. ಗಾಳಿ ಹೊಡೆಸಿಕೊಂಡೇ ಬರಲಿ.